ನಾಲ್ಕು ವರ್ಷ ಚೆನ್ನಾಗಿ ಓಡಿತು, ಸರ್ವೀಸ್ ಪ್ಯಾಕ್ ಹಾಕುವಾಗ ಕೈ ಕೊಟ್ಟಿತು

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ರಾಶಿ, ಚಾಲಿ, ಬೆಟ್ಟೆ, ಹೀಗೆ ಎಲ್ಲ ಬಗೆಯ ಅಡಿಕೆಯ ತೂಕ, ಬಿಲ್ಲು, ರೈತರ ಖಾತೆ ನಡೆಯುವುದು ಈ ಅಪ್ಲಿಕೇಶನ್ ಸರ್ವರ್ ಮೇಲೆ, ಅಂದರೆ ಬಿಲ್ಲಿನ ಪ್ರೋಗ್ರಾಂ ಎಲ್ಲರಿಗೂ ಒಟ್ಟಿಗೆ ಸಿಗುವಂತೆ ಓಡಿಸುವ ಸಾಫ್ಟ್‌ವೇರ್ ಮೇಲೆ. ವಿಂಡೋಸ್ ಯಂತ್ರ, ಒಳಗೆ ಸರ್ವರನ್ನು ಓಡಿಸುವ ಜಾವಾ. ನಾಲ್ಕು ವರ್ಷ ಆಯಿತು. ದಿನದ ಕೆಲಸಕ್ಕೆ ದೂರಿಲ್ಲ. ಸೀಸನ್ನಿನಲ್ಲಿ ಹನ್ನೆರಡು ಜನ ಒಟ್ಟಿಗೆ ಬಿಲ್ ಹೊಡೆದರೂ ನಿಂತದ್ದಿಲ್ಲ.

ನನ್ನ ತಕರಾರು ಅದರ ಇನ್‌ಸ್ಟಾಲರ್ ಮೇಲೆ. ಹೋದ ಮಳೆಗಾಲ ಒಂದು ಭಾನುವಾರ ಸರ್ವೀಸ್ ಪ್ಯಾಕ್ (ತಿದ್ದುಪಡಿಗಳ ಕಂತೆ) ಹಾಕಲು ಕೂತೆ. ಮುಕ್ಕಾಲು ಪಾಲು ಹೋಯಿತು, ಆಮೇಲೆ ಪ್ರಗತಿ ತೋರಿಸುವ ಪಟ್ಟಿ ಹಿಂದಕ್ಕೆ ಸರಿಯತೊಡಗಿತು, ಅಂದರೆ ಹಾಕಿದ್ದನ್ನೆಲ್ಲ ವಾಪಸ್ ತೆಗೆಯತೊಡಗಿತು. ಕೊನೆಗೆ ಸಿಕ್ಕಿದ್ದು 1603 ಎಂಬ ಅಂಕಿ. ವಿಂಡೋಸ್ ಇನ್‌ಸ್ಟಾಲರಿನಲ್ಲಿ ಇದರರ್ಥ 'ಏನೋ ದೊಡ್ಡದು ಕೆಟ್ಟಿದೆ' ಅಂತಷ್ಟೇ. ಯಾವುದು ಅಂತ ಹೇಳುವುದಿಲ್ಲ.

ರೀಸ್ಟಾರ್ಟ್ ಮಾಡಿದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ. ಆಂಟಿವೈರಸ್ ನಿಲ್ಲಿಸಿದೆ. ಮತ್ತದೇ 1603. ಸಹಾಯವಾಣಿಯವರು 'ಪೂರ್ತಿ ತೆಗೆದು ಹೊಸದಾಗಿ ಹಾಕಿ' ಅಂದರು. ಹೇಳುವವರಿಗೇನು! ಅತ್ತ ಯಜಮಾನರ ಫೋನು: "ತಮಾ, ನಾಳಿಗೆ ಬಿಲ್ ಆಗ್ತೋ ಇಲ್ಯೋ?"

ಆಮೇಲೆ ಕಮಾಂಡ್ ಪ್ರಾಂಪ್ಟಿನಿಂದ, ಪೂರ್ತಿ ಲಾಗ್ (ಹೆಜ್ಜೆ ಹೆಜ್ಜೆಯ ದಾಖಲೆ) ಬರೆಯುವ ಹಾಗೆ ಓಡಿಸಿದೆ. ಸಾವಿರಾರು ಸಾಲು ಓದಬೇಕಿಲ್ಲ. 'ರಿಟರ್ನ್ ವ್ಯಾಲ್ಯೂ 3' (ಆ ಹೆಜ್ಜೆ ಕೆಟ್ಟಿತು ಎಂಬ ಗುರುತು) ಅಂತ ಹುಡುಕಿ, ಅದರ ಮೇಲಿನ ಸಾಲುಗಳನ್ನು ನೋಡಿದರೆ ಸಾಕು. ಒಂದು ಜಾರ್ ಫೈಲ್ (ಜಾವಾ ಪ್ರೋಗ್ರಾಮಿನ ಕಂತೆ) ಬದಲಿಸಲು ಆಗಿರಲಿಲ್ಲ, ಬೇರೆ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿತ್ತು. ರಿಸೋರ್ಸ್ ಮಾನಿಟರಿನಲ್ಲಿ ಆ ಫೈಲಿನ ಹೆಸರು ಹುಡುಕಿದರೆ ಬಂದದ್ದು ಜಾವಾ, ಅಂದರೆ ನಮ್ಮ ಸರ್ವರೇ! ಸರ್ವರ್ ನಿಲ್ಲಿಸಿಯೇ ಶುರು ಮಾಡಿದ್ದೆನಲ್ಲ? ಸರ್ವರಿನ ಲಾಗ್ ನೋಡಿದೆ. 10:35ಕ್ಕೆ ಒಮ್ಮೆ, 11:10ಕ್ಕೆ ಒಮ್ಮೆ ತಾನಾಗಿ ಎದ್ದಿದೆ. ಎರಡೂ ಐದೈದು ನಿಮಿಷದ ಲೆಕ್ಕಕ್ಕೆ ಸರಿಯಾಗಿ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ, ಇಂಥದ್ದೇ ಮಳೆಗಾಲದಲ್ಲಿ, ಕರೆಂಟ್ ಬಂದ ಮೇಲೆ ಡೇಟಾಬೇಸ್ ತಡವಾಗಿ ಏಳುತ್ತಿತ್ತು. ಅದು ಸಿಗದೆ ಸರ್ವರ್ ನಿಂತುಬಿಡುತ್ತಿತ್ತು. ಅದಕ್ಕೆ ನಾನೇ ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಸಣ್ಣ ಬ್ಯಾಚ್ ಫೈಲ್ ಇಟ್ಟಿದ್ದೆ: ಐದು ನಿಮಿಷಕ್ಕೊಮ್ಮೆ ನೋಡು, ನಿಂತಿದ್ದರೆ ಎಬ್ಬಿಸು. ಇನ್‌ಸ್ಟಾಲರ್ ಫೈಲ್ ಬದಲಿಸುತ್ತಿರುವಾಗಲೇ ಅದು ಬಂದು ಎಬ್ಬಿಸುತ್ತಿತ್ತು. ಟಾಸ್ಕ್ ಡಿಸೇಬಲ್ ಮಾಡಿದೆ. ಹನ್ನೊಂದು ನಿಮಿಷಕ್ಕೆ ಸರ್ವೀಸ್ ಪ್ಯಾಕ್ ಕೂತಿತು.

ತಪ್ಪು ನನ್ನದೇ ಅಲ್ವಾ ಅಂತೀರಿ. ಹೌದು. ಆದರೆ ಲಾಗಿಗೆ ಗೊತ್ತಿದ್ದ ಫೈಲಿನ ಹೆಸರನ್ನು ಪರದೆ ಮೇಲೆ ತೋರಿಸಲು ಏನು ಕಷ್ಟ? ಇನ್ನೊಂದು ಸಿಟ್ಟು ಜಾಸ್ತಿ ಇದೆ: ಎರಡನೇ ಸಲ ಹಿಂದಕ್ಕೆ ಸರಿದಾಗ ನಮ್ಮ ಪೋರ್ಟ್ ಸೆಟ್ಟಿಂಗ್ (ಬೇರೆ ಕಂಪ್ಯೂಟರುಗಳು ಸರ್ವರನ್ನು ತಲುಪುವ ಬಾಗಿಲಿನ ಸಂಖ್ಯೆ) ಅಳಿಸಿ 8080 ಮಾಡಿಟ್ಟಿತು. ಸೆಟ್ಟಿಂಗುಗಳಿರುವ ಕಾನ್ಫಿಗ್ ಫೋಲ್ಡರನ್ನು ಮೊದಲೇ ಪೆನ್ ಡ್ರೈವಿಗೆ ಹಾಕಿಕೊಂಡಿದ್ದರಿಂದ ಬಚಾವಾದೆ.

ಓಡುವುದಕ್ಕೆ ಐದರಲ್ಲಿ ನಾಲ್ಕೂವರೆ, ಇನ್‌ಸ್ಟಾಲರಿಗೆ ಎರಡು. ಅಂದಹಾಗೆ, ಆ ಟಾಸ್ಕನ್ನು ಮತ್ತೆ ಆನ್ ಮಾಡಲು ಮರೆತಿದ್ದೆ. ಮಂಗಳವಾರ ಕರೆಂಟ್ ಹೋಗಿ ಬಂದಾಗ ಯಜಮಾನರೇ ನೆನಪಿಸಿದರು.