ಎಂಟು ವರ್ಷದ ಸೆಕೆಂಡ್ ಹ್ಯಾಂಡ್ ಕಾರು, ಒಂದೂವರೆ ವರ್ಷದ ಮೆತ್ತನೆ ಬ್ರೇಕು

ಗಾಡಿ 2012ರ ಮಾಡೆಲ್, ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡೋ ವ್ಯವಸ್ಥೆ) ಇಲ್ಲದ ಬೇಸ್ ಮಾಡೆಲ್. 2017ರಲ್ಲಿ ನಾನು ತಗೊಂಡಾಗ 41 ಸಾವಿರ ಓಡಿತ್ತು, ಈಗ 1,22,000 ದಾಟಿದೆ. ಚಿಕ್ಕಮಗಳೂರಿಂದ ಆಲ್ದೂರು ಕಡೆ ಇರೋ ನಮ್ಮ ಶಾಲೆಗೆ ದಿನಾ ಹೋಗಿಬರೋದು, ಆಗಾಗ ಹಾಸನದಲ್ಲಿರೋ ತವರು. ಮೈಲೇಜ್, ಪವರ್ ಎಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡ್ತೀನಿ. ಎರಡು ಮೂಟೆ ಕಾಫಿ ಹಿಡಿಯೋ ಡಿಕ್ಕಿ, ಡಿಸೆಂಬರ್ ಮಂಜಲ್ಲೂ ಎರಡೇ ನಿಮಿಷಕ್ಕೆ ಗಾಜು ತಿಳಿಯಾಗಿಸೋ ಹೀಟರು, ನನ್ನ ಸಂಬಳಕ್ಕೆ ಹೊಂದೋ ಸರ್ವಿಸ್ ಖರ್ಚು. ಇಷ್ಟು ಸಾಕಿತ್ತು ನನಗೆ.

2023ರ ಜುಲೈವರೆಗೂ ಸಾಕಿತ್ತು ಅನ್ನಿ. ಆ ಸಲ ಮಳೆಗೆ ಶಾಲೆಗೆ ರಜೆ ಮೇಲೆ ರಜೆ, ಗಾಡಿ ವಾರಕ್ಕಿಂತ ಹೆಚ್ಚು ಕಾಲ ನಿಂತಲ್ಲೇ ನೆನೀತಾ ಇತ್ತು. ತೆಗೆದಾಗ ಎದುರಿನ ಎಡ ಚಕ್ರ ಎಳೀತಿತ್ತು, ಊರು ಸುತ್ತಿ ಬರೋದರೊಳಗೆ ರಿಮ್ ಮುಟ್ಟೋಕಾಗದಷ್ಟು ಬಿಸಿ. ಕ್ಯಾಲಿಪರ್, ಅಂದರೆ ಬ್ರೇಕ್ ಪ್ಯಾಡನ್ನ ಚಕ್ರದ ಡಿಸ್ಕಿಗೆ ಒತ್ತೋ ಭಾಗ, ಅದರ ಪಿಸ್ಟನ್ ಜಾಮ್ ಅಂದರು. ಪೇಟೆಯ ಒಂದು ಗ್ಯಾರೇಜಲ್ಲಿ ಎದುರಿನ ಎರಡೂ ಕ್ಯಾಲಿಪರ್ ಬಿಚ್ಚಿ, ತೊಳೆದು, ಸೀಲ್ ಕಿಟ್ ಹಾಕಿ, ಹೊಸ ಪ್ಯಾಡ್ ಕೂರಿಸಿ ಕೊಟ್ಟರು. ಎಳೆಯೋದು ನಿಂತಿತು. ಆದರೆ ಅವತ್ತಿಂದ ಬ್ರೇಕ್ ತುಳಿದರೆ ಹತ್ತಿ ದಿಂಬಿನ ಮೇಲೆ ಕಾಲಿಟ್ಟ ಹಾಗೆ.

"ಹೊಸ ಪ್ಯಾಡ್ ಅಲ್ವಾ ಮೇಡಂ, 500 ಕಿಲೋಮೀಟರ್ ಓಡ್ಲಿ, ಕೂತ್ಕೊಳುತ್ತೆ" ಅಂದರು. ಓಡಿಸಿದೆ. ಕೂರಲಿಲ್ಲ. ಮತ್ತೆ ಹೋದರೆ ಬ್ರೇಕ್ ಪೈಪಲ್ಲಿ ಸೇರಿದ ಏರ್ ತೆಗೆದು 400 ರೂಪಾಯಿ ತಗೊಂಡರು, ಮೂರು ದಿನ ಚೆನ್ನಾಗಿದ್ದಂಗೆ ಅನಿಸಿತು, ಬಹುಶಃ 400 ಕೊಟ್ಟಿದ್ದಕ್ಕೆ. ಇನ್ನೊಂದು ಗ್ಯಾರೇಜಿನವರು ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನ ಚಕ್ರಗಳ ಕಡೆ ಒತ್ತೋ ಪಂಪು) ಹೋಗಿದೆ ಅಂತ ಹೊಸದು ಹಾಕಿದರು, 3,800. ಅದೇ ದಿಂಬು. ಮೂರನೆಯವರು ಒಂದು ರೌಂಡ್ ಹೊಡೆದು ಬಂದು ಕೀ ನನ್ನ ಕೈಗಿಟ್ಟು, "ಈ ಮಾಡೆಲ್‌ದು ಪೆಡಲ್ಲೇ ಹಂಗೆ" ಅಂದುಬಿಟ್ಟರು. ಆರು ವರ್ಷ ಓಡಿಸಿದವಳಿಗೆ ಹೇಳೋ ಮಾತಾ ಅದು?

ಹಂಗೇ ಇರಬಹುದೇನೋ ಅಂತ ನಾನೂ ಸುಮ್ಮನಾದೆ. ಇಲ್ಲೇ ನಾನು ಎಡವಿದ್ದು. ಒಂದು ಸಲ ತುಳಿದರೆ ಪೆಡಲ್ ಮುಕ್ಕಾಲು ಪಾಲು ಕೆಳಗೆ ಹೋಗುತ್ತೆ, ಬಿಟ್ಟು ತಕ್ಷಣ ಇನ್ನೊಂದು ಸಲ ತುಳಿದರೆ ಮೇಲೆಯೇ ಹಿಡಿಯುತ್ತೆ. ಕಾಲು ಅದನ್ನ ಕಲಿತುಬಿಡ್ತು. ತಿರುವು ಬಂತು ಅಂದರೆ ಟಪ್, ಟಪ್. ಎರಡು ಹೆಜ್ಜೆ. ಅಷ್ಟು ಅಭ್ಯಾಸ ಆಯಿತು ಅಂದರೆ, ಬ್ರೇಕ್ ಸರಿಯಿಲ್ಲ ಅನ್ನೋದೇ ಮರೆತುಹೋಯ್ತು.

ನೆನಪಾಗಿದ್ದು 2024ರ ಡಿಸೆಂಬರಲ್ಲಿ, ಬೇಲೂರಲ್ಲಿ. ನೆಂಟರ ಗೃಹಪ್ರವೇಶಕ್ಕೆ ಹಾಸನಕ್ಕೆ ಹೊರಟಿದ್ವಿ, ತಮ್ಮನ ಹೊಸ ಕಾರು, ಅವನಿಗೆ ನಿದ್ದೆ ಅಂತ ನಾನು ಕೂತೆ. ಎದುರಿಗೆ ಬಸ್ಸು ನಿಂತಿತು, ನಾನು ನನ್ನ ರೂಢಿಯ ಪ್ರಕಾರ ಟಪ್ ಅಂತ ಒತ್ತಿದೆ. ಎರಡನೇ ಟಪ್‌ಗೆ ಮುಂಚೆನೇ ಗಾಡಿ ನೆಟ್ಟಗೆ ನಿಂತು, ಹಿಂದೆ ಕೂತಿದ್ದ ಚಿಕ್ಕಮ್ಮನ ತೊಡೆ ಮೇಲಿದ್ದ ಕಜ್ಜಾಯದ ಡಬ್ಬಿ ಹಾರಿ ಗೇರ್ ಲಿವರ್ ಹತ್ತಿರ ಬಂತು. ತಮ್ಮ ಎದ್ದವನೇ, "ಅಕ್ಕಾ, ಬ್ರೇಕ್ ತುಳೀತಿದೀಯೋ, ಒನಕೆಯಲ್ಲಿ ಕುಟ್ತಿದೀಯೋ?" ಅಂದ. ವಾಪಸ್ ಬಂದ ಮೇಲೆ ನನ್ನ ಗಾಡಿ ತಗೊಂಡು ಬೀದಿ ಕೊನೆವರೆಗೆ ಹೋಗಿಬಂದ. ಈಗ ನಗಾಡಲಿಲ್ಲ. "ಇದರಲ್ಲಿ ಬ್ರೇಕೇ ಇಲ್ವಲ್ಲಕ್ಕ. ಇದನ್ನ ಹಾಕ್ಕೊಂಡು ದಿನಾ ಆ ತಿರುವೆಲ್ಲ ಇಳೀತೀಯಾ?"

ಆಲ್ದೂರು ಕಡೆ ತೋಟದ ಜೀಪುಗಳನ್ನೇ ರಿಪೇರಿ ಮಾಡೋ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ಮೇಸ್ತ್ರಿ ಅಂತಲೇ ಕರೆಯೋದು. ಕಾರು ಮುಟ್ಟಲ್ಲ ಅಂತಿದ್ದರು, ಅವರ ಮೊಮ್ಮಗಳು ನನ್ನ ಕ್ಲಾಸಲ್ಲಿ ಇರೋದರಿಂದ ಒಪ್ಪಿದರು. ಅವರು ಮೊದಲು ಸ್ಪ್ಯಾನರ್ ಎತ್ತಲಿಲ್ಲ, ಪ್ರಶ್ನೆ ಕೇಳಿದರು. ಇಳಿಜಾರಲ್ಲಿ ಬಿಸಿಯಾದಾಗ ಮಾತ್ರ ಮೆತ್ತಗಾಗುತ್ತಾ, ಬೆಳಿಗ್ಗೆ ತಣ್ಣಗಿದ್ದಾಗಲೂ ಹಾಗೇನಾ? ಯಾವಾಗಲೂ, ಅಂದೆ. ಬಿಸಿಗೆ ಮಾತ್ರ ಆದರೆ ಬ್ರೇಕ್ ಆಯಿಲ್ ಹಳೇದು ಅಂತ ಲೆಕ್ಕ. ಅದು ಗಾಳಿಯ ತೇವ ಎಳ್ಕೊಳ್ಳುತ್ತೆ, ತೇವ ಸೇರಿದಷ್ಟೂ ಬೇಗ ಕುದ್ದು, ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು, ನೀರು ಶೇಕಡ 3.7ರಷ್ಟು ಸೇರಿದ ಮೇಲೆ 155 ತಡೆದರೂ ಪಾಸು. ಮುಳ್ಳಯ್ಯನಗಿರಿಯಿಂದ ಬ್ರೇಕ್ ಮೇಲೇ ಇಳಿದು ಕೈಮರ ಚೆಕ್‌ಪೋಸ್ಟ್ ಹತ್ತಿರ ಸುಟ್ಟ ವಾಸನೆ ಹಂಚೋ ಭಾನುವಾರದ ಗಾಡಿಗಳು ಇದನ್ನ ಓದಲಿ.

ಆಮೇಲೆ ನನ್ನನ್ನ ಸೀಟಲ್ಲಿ ಕೂರಿಸಿ, ಎಂಜಿನ್ ಆನ್ ಮಾಡಿಸಿ, ಪೆಡಲನ್ನ ಒಂದೇ ಸಮ ಒತ್ತಿ ಹಿಡಿಯೋಕೆ ಹೇಳಿದರು. ಒಂದು ನಿಮಿಷ. ಇಳಿಯಲಿಲ್ಲ. "ಮಾಸ್ಟರ್ ಹೋಗಿದ್ರೆ ಕಾಲಿನ ಕೆಳಗೆ ನಿಧಾನಕ್ಕೆ ಕುಸೀತಾ ಹೋಗ್ತಿತ್ತು ಟೀಚರ್. ಪಂಪ್ ಮಾಡಿದ್ರೆ ಮೇಲೆ ಬರೋದು ಬೇರೆ ಕಾಯಿಲೆ." ದುಡ್ಡಿಲ್ಲದೆ ಆಗೋ ಒಂದು ನಿಮಿಷದ ಪರೀಕ್ಷೆ. ನನ್ನ 3,800 ನೆನೆಸಿಕೊಂಡು ಹೊಟ್ಟೆ ಉರೀತು. ಹ್ಯಾಂಡ್‌ಬ್ರೇಕ್ ಎಳೆದು ತುಳಿಸಿದರು. ಪೆಡಲ್ ಮೇಲೆ ಬಂದಿದ್ದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಲ್ಲಿ ಲೈನರ್ (ಡ್ರಮ್ಮಿಗೆ ಒತ್ತೋ ಪಟ್ಟಿ) ಅಡ್ಜಸ್ಟ್‌ಮೆಂಟ್ ಸಡಿಲ ಅಂತ ಅರ್ಥವಂತೆ. ಅದೂ ಇಲ್ಲ.

ಆಮೇಲೆ ಎದುರಿನ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯೋ ಎರಡೂ ಹೋಸ್ ಪೈಪಿಗೆ ಬಟ್ಟೆ ಸುತ್ತಿ ಕ್ಲಾಂಪ್ ಹಾಕಿ ಬಿಗಿದರು. "ಈಗ ತುಳೀರಿ." ಕಲ್ಲು! ಒಂದೂವರೆ ವರ್ಷದಲ್ಲಿ ಮೊದಲ ಸಲ ಪೆಡಲ್ ನನಗೆ ಎದುರು ನಿಂತಿತು. ಒಂದು ಕ್ಲಾಂಪ್ ಬಿಚ್ಚಿದರು, ಅರ್ಧ ಮೆತ್ತಗಾಯ್ತು. ಇನ್ನೊಂದು ಬಿಚ್ಚಿದರು, ಅದೇ ದಿಂಬು. ಹಾಗಾದರೆ ಕಾಯಿಲೆ ಎದುರಿನ ಎರಡು ಚಕ್ರದಲ್ಲೇ. ಚಕ್ರ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ನಗೋಕೆ ಶುರು ಮಾಡಿದರು.

"ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದಾರೆ ಮಾರಾಯ್ರೆ!"

ಏರ್ ತೆಗೆಯೋ ನಿಪ್ಪಲ್ ಕ್ಯಾಲಿಪರಿನ ನೆತ್ತಿ ಮೇಲಿರಬೇಕು. ಅದಲು ಬದಲಾದ್ದರಿಂದ ಎರಡೂ ಕಡೆ ಕೆಳಗೆ ನೇತಾಡ್ತಿತ್ತು. ಗಾಳಿ ಯಾವತ್ತೂ ಮೇಲೇ ಹೋಗಿ ಕೂರೋದು. ಸಿರಿಂಜಿನ ಮೂತಿ ಕೆಳಗೆ ಮಾಡಿ ಒತ್ತಿದರೆ ಔಷಧಿ ಎಲ್ಲ ಹೋಗುತ್ತೆ, ಗುಳ್ಳೆ ಒಳಗೇ ಉಳಿಯುತ್ತಲ್ಲ, ಹಾಗೆ. ಎಷ್ಟು ಸಲ ಏರ್ ತೆಗೆದರೂ ಬಂದಿದ್ದು ಬರೀ ಆಯಿಲ್. ಆಯಿಲನ್ನ ಒತ್ತಿ ಕುಗ್ಗಿಸೋಕಾಗಲ್ಲ, ಗಾಳಿಯನ್ನ ಕುಗ್ಗಿಸಬಹುದು. ನನ್ನ ಮೊದಲನೇ ಟಪ್ ಆ ಗಾಳಿಗೆ, ಎರಡನೆಯದು ಚಕ್ರಕ್ಕೆ.

ಮುಂದಿನ ಒಂದು ಗಂಟೆ ನನ್ನ ಜೀವನದಲ್ಲೇ ಕಾರಿನ ಜೊತೆ ಕಳೆದ ಅತ್ಯಂತ ಖುಷಿಯ ಗಂಟೆ. ಕ್ಯಾಲಿಪರ್ ಅದಲು ಬದಲು ಮಾಡಿ, ಪೈಪ್ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿದರು. ಪೆಡಲ್ ನೆಲದವರೆಗೆ ಹೋಗದಂತೆ ಕೆಳಗೊಂದು ಕಾಫಿ ಗಿಡದ ತುಂಡು ಇಟ್ಟರು, ಪೂರ್ತಿ ತುಳಿದರೆ ಹಳೇ ಸಿಲಿಂಡರಲ್ಲಿ ಸೀಲ್ ಕೀಳುತ್ತಂತೆ. ನನ್ನದು ಹೊಸ ಸಿಲಿಂಡರ್, ಆದರೂ ಅವರ ರೂಢಿ. ದೂರದ ಹಿಂದಿನ ಎಡ ಚಕ್ರದಿಂದ ಶುರು. ನಿಪ್ಪಲಿಗೆ ಪಾರದರ್ಶಕ ಪೈಪ್, ಅದರ ತುದಿ ಆಯಿಲ್ ಇದ್ದ ಬಾಟಲಿಯೊಳಗೆ.

"ತುಳೀರಿ. ಇನ್ನೊಂದ್ಸಲ. ಹಿಡ್ಕೊಳಿ."

"ಹಿಡಿದೆ."

"ನಾ ಹೇಳೋವರೆಗೂ ಕಾಲು ಎತ್ತಬೇಡಿ."

ನಿಪ್ಪಲ್ ತಿರುಗಿಸಿದ ಕೂಡಲೇ ಪೆಡಲ್ ಕಾಲಿನ ಕೆಳಗೆ ಕುಸೀತಾ ಆ ತುಂಡಿನವರೆಗೆ ಹೋಗುತ್ತೆ, ಆ ಕಡೆಯಿಂದ "ಬಿಡಿ" ಅನ್ನೋ ಮುಂಚೆ ಬಿಟ್ಟರೆ ಗಾಳಿ ವಾಪಸ್. ಹಿಂದಿನ ಚಕ್ರಗಳಲ್ಲಿ ಬಂದ ಆಯಿಲ್ ಚಿಕೋರಿ ಜಾಸ್ತಿಯಾದ ಡಿಕಾಕ್ಷನ್ ಬಣ್ಣ. ಎದುರಿಗೆ ಬಂದಾಗ ಬಾಟಲಿಯಲ್ಲಿ ಗುಳುಗುಳು ಸದ್ದು ಸೀಟಿಗೂ ಕೇಳಿಸಿತು. ಒಂದೂವರೆ ವರ್ಷದ ಗಾಳಿ. ಪ್ರತಿ ನಾಲ್ಕೈದು ಸಲಕ್ಕೆ ಮೇಲಿನ ಡಬ್ಬಿಗೆ ಆಯಿಲ್ ಹೊಯ್ದು, ಪೇಂಟ್ ಮೇಲೆ ಒಂದು ಹನಿ ಬಿದ್ದಾಗ ಓಡಿಹೋಗಿ ನೀರು ಸುರಿದರು. ಒಟ್ಟು ಬಿಲ್ಲು ಆಯಿಲ್, ವಾಷರ್, ಕೂಲಿ ಸೇರಿ 850. ಎಬಿಎಸ್ ಇರೋ ಗಾಡಿಗೆ ಇಷ್ಟು ಸಲೀಸಲ್ಲ; ಅದರ ಯೂನಿಟ್ ಒಳಗೆ ಗಾಳಿ ಸೇರಿದರೆ ತೆಗೆಯೋಕೆ ಗ್ಯಾರೇಜಿನ ಕಂಪ್ಯೂಟರ್ ಸ್ಕ್ಯಾನರ್ ಬೇಕಾಗಬಹುದು.

ಈಗ ಬೆಳಿಗ್ಗೆ ನನ್ನದೊಂದು ಪೂಜೆ ಇದೆ. ಮಳೆಗಾಲದಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಲ್ಲ, ತೇವಕ್ಕೆ ಲೈನರ್ ಡ್ರಮ್ಮಿಗೆ ಹಿಡ್ಕೊಂಡುಬಿಡುತ್ತೆ; ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು. ಬೆಳಿಗ್ಗೆ ಆ ಕಲ್ಲು ತೆಗೆಯೋಕೆ ಮುಂಚೆ ಕೂತು, ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಇರುವಾಗಲೇ ಐದು ಸಲ ತುಳಿದು, ಪೆಡಲ್ ಗಟ್ಟಿಯಾದ ಮೇಲೆ ಒತ್ತಿ ಹಿಡಿದು ಕೀ ತಿರುಗಿಸ್ತೀನಿ. ಎಂಜಿನ್ ಹತ್ತಿದ ಕ್ಷಣ ಪೆಡಲ್ ಒಂದು ಬೆರಳಷ್ಟು ಕೆಳಗಿಳಿದರೆ ಬೂಸ್ಟರ್ (ಎಂಜಿನ್ ನೆರವಿಂದ ಪೆಡಲ್ ಹಗುರ ಮಾಡೋ ಭಾಗ) ಸರಿ ಇದೆ. ನಮ್ಮೆಜಮಾನರು ಗೇಟ್ ಹಿಡಿದು ನಿಂತು, "ಮುಗೀತಾ ಮಂತ್ರ?" ಅಂತಾರೆ.

ಕಾರಿಗೆ ಐದಕ್ಕೆ ನಾಲ್ಕು ಕೊಡ್ತೀನಿ. ಕಮ್ಮಿ ಮಾಡಿದ ಆ ಒಂದು ಅಂಕ ಬ್ರೇಕಿನದ್ದಲ್ಲ, ಎಡಗಡೆ ಡೋರಿನ ರಬ್ಬರ್ ಬೀಡಿಂಗ್‌ದು. ಮಳೆ ಜೋರಾದರೆ ಆ ಸೀಟಿನ ಕೆಳಗೆ ಒಂದು ಲೋಟ ನೀರು ನಿಲ್ಲುತ್ತೆ, ಎರಡು ಸಲ ಬದಲಾಯಿಸಿದ್ದಾಯ್ತು. ಮೇಸ್ತ್ರಿ ಅದನ್ನ ನೋಡಿ, ಜೀಪಿಗೆ ಬಾಗಿಲೇ ಇರಲ್ಲ, ಅದು ನನಗೆ ಗೊತ್ತಿಲ್ಲ ಅಂದುಬಿಟ್ಟರು.