ದೊಡ್ಡ ಪಿಕಪ್‌ಗೆ ವ್ಯಾಕ್ಸೋ, ಸೀಲಂಟೋ, ಸೆರಾಮಿಕ್ಕೋ?

ಗಾಡಿಯ ಬಣ್ಣ ಕಾಪಾಡಲು ಹಚ್ಚುವ ಈ ಮೂರು ಲೇಪನಗಳಲ್ಲಿ ಬಾಳಿಕೆಗೆ ಸೆರಾಮಿಕ್ ಮುಂದೆ: ಸರಿಯಾಗಿ ಹಚ್ಚಿದರೆ 2 ವರ್ಷ ಬರಬಹುದು. ಸೀಲಂಟ್ (ಕೃತಕ ಪಾಲಿಮರ್ ಲೇಪನ) ಸುಮಾರು 4ರಿಂದ 6 ತಿಂಗಳು, ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ ಬರುವ ವ್ಯಾಕ್ಸ್ ಒಂದೆರಡು ತಿಂಗಳು.

ಆದರೆ ದೊಡ್ಡ ಗಾಡಿಯಲ್ಲಿ ಕಷ್ಟ ಇರುವುದು ಹಚ್ಚುವುದರಲ್ಲೇ, ಅಲ್ವಾ? ಸೆರಾಮಿಕ್ಕನ್ನು ಕೆಲವೇ ನಿಮಿಷದಲ್ಲಿ ಒರೆಸಬೇಕು. ಏಣಿ ಮೇಲೆ ನಿಂತು ರೂಫ್ ಮಧ್ಯಕ್ಕೆ ಕೈ ಚಾಚುವಷ್ಟರಲ್ಲಿ ಅಂಚು ಒಣಗಿ, ಕಾಮನಬಿಲ್ಲಿನಂಥ ಕಲೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಪಾಲಿಶ್ ಮಾಡಿಯೇ ತೆಗೆಯಬೇಕು. ಹಳೆಯ ಗೀರುಗಳನ್ನೂ ಸೆರಾಮಿಕ್ ಮುಚ್ಚುವುದಿಲ್ಲ, ಹಾಗಾಗಿ ಮೊದಲೇ ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಉಂಡೆ), ಪಾಲಿಶ್ ಎರಡೂ ಬೇಕು. ಸೀಲಂಟ್‌ನಲ್ಲಿ ಇಷ್ಟು ಅವಸರವಿಲ್ಲ.

ಒಬ್ಬರೇ ಒಂದು ದಿನದಲ್ಲಿ ಮುಗಿಸುವುದಾದರೆ ಸೀಲಂಟ್. ನೆರಳು, ಜೊತೆಗೊಬ್ಬರು, ಎರಡು ದಿನ ಇದ್ದರೆ ಸೆರಾಮಿಕ್. ಖರ್ಚು ಮಾತ್ರ ಜಾಸ್ತಿ. ಆಗಾಗ ಗಾಡಿ ಒರೆಸುವುದೇ ಖುಷಿ ಅಂದರೆ ವ್ಯಾಕ್ಸ್. ಸಾಮಾನು ಹೊರುವ ಹಿಂಬದಿ ತೊಟ್ಟಿಗೆ ಇದ್ಯಾವುದೂ ಬೇಡ, ಲೈನರ್ (ತೊಟ್ಟಿಯ ಒಳಗೆ ಹಾಕುವ ಗಟ್ಟಿ ರಕ್ಷಾ ಪದರ) ಹಾಕಿಸಿ.