ಸೈಟು, ಫ್ಲಾಟು, ರೀಟ್: ನಿದ್ದೆ ಕೆಡಿಸಿದ್ದು ಯಾವುದು?

ಮೂರರಲ್ಲೂ ದುಡ್ಡು ಹಾಕಿ ನೋಡಿದ್ದೇನೆ. ಲಾಭದ ಲೆಕ್ಕ ಆಮೇಲೆ. ಎದೆ ಡವಡವ ಅಂದದ್ದು ಯಾವಾಗ ಅನ್ನುವುದನ್ನು ಮೊದಲು ಹೇಳುತ್ತೇನೆ.

2014ರಲ್ಲಿ ಮೈಸೂರಿನ ಹೊರವಲಯದಲ್ಲಿ 30x40 ಸೈಟು ತಗೊಂಡೆ. ಇಸಿ (ಆಸ್ತಿಯ ಮೇಲೆ ನಡೆದ ವ್ಯವಹಾರ, ಸಾಲಗಳ ದಾಖಲೆ) ತೆಗೆಸಿದೆ, ಕೃಷಿ ಜಮೀನನ್ನು ಮನೆ ಕಟ್ಟಲು ಬಳಸಬಹುದು ಅನ್ನುವ ಭೂಪರಿವರ್ತನೆ ಆದೇಶ ನೋಡಿದೆ, ಎಲ್ಲ ಸರಿ ಇತ್ತು. ಮೂರು ವರ್ಷ ಹಾಯಾಗಿದ್ದೆ. ಆಮೇಲೆ ಕೋರ್ಟಿನಿಂದ ನೋಟಿಸ್ ಬಂತು. ಜಮೀನು ಮಾರಿದವರ ತಂಗಿ ಪಾಲು ಕೇಳಿದ್ದರು. ಇಸಿಯಲ್ಲಿ ಕಾಣುವುದು ನೋಂದಣಿ ಆದ ವ್ಯವಹಾರ ಮಾತ್ರ, ಮಾರಾಟಕ್ಕೆ ಸಹಿ ಹಾಕದ ಹೆಣ್ಣುಮಕ್ಕಳು ಅಲ್ಲಿ ಕಾಣುವುದಿಲ್ಲ. ಅವರು ಸಿಗುವುದು ವಂಶವೃಕ್ಷದಲ್ಲಿ, ಅಂದರೆ ಮನೆತನದವರೆಲ್ಲರ ಹೆಸರಿರುವ ಪಟ್ಟಿಯಲ್ಲಿ. ಅದನ್ನು ನಾನು ಕೇಳಿಯೇ ಇರಲಿಲ್ಲ. ಕೊನೆಗೆ ರಾಜಿಯಾಯಿತು. ನನ್ನ ಕೈಯಿಂದಲೂ ಒಂದಿಷ್ಟು ಹೋಯಿತು, ತಂಗಿ ತನ್ನ ಪಾಲು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರ ಸಿಕ್ಕಿತು. ತಮಾಷೆ ಅಂದರೆ, ಹಾಯಾಗಿದ್ದ ಆ ಮೂರು ವರ್ಷವೂ ಅಪಾಯ ಇಷ್ಟೇ ಇತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆ ಏಟು ತಿಂದಮೇಲೆ 2018ರಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಫ್ಲಾಟ್ ಬುಕ್ ಮಾಡುವಾಗ ರೇರಾ (ಮನೆ ಕೊಳ್ಳುವವರ ರಕ್ಷಣೆಗಿರುವ ಸರ್ಕಾರಿ ಪ್ರಾಧಿಕಾರ) ನಂಬರ್ ನೋಡಿಯೇ ಹೋದೆ. ಗ್ರಾಹಕರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಬೇರೆ ಖಾತೆಯಲ್ಲಿಟ್ಟು ಜಮೀನಿಗೆ, ಕಟ್ಟಡಕ್ಕೇ ಬಳಸಬೇಕು ಅನ್ನುವ ನಿಯಮ ಧೈರ್ಯ ಕೊಟ್ಟಿತು. 2020ರ ಡಿಸೆಂಬರ್‌ಗೆ ಕೀ ಅಂದಿದ್ದರು, ಸಿಕ್ಕಿದ್ದು 2022ರ ಜೂನ್‌ನಲ್ಲಿ. ನಡುವೆ ಕೊರೊನಾ ಬೇರೆ. ಒಂದು ಕಡೆ ಮನೆ ಬಾಡಿಗೆ, ಇನ್ನೊಂದು ಕಡೆ ಪ್ರೀ-ಇಎಂಐ, ಅಂದರೆ ಕೀ ಸಿಗುವವರೆಗೆ ಸಾಲಕ್ಕೆ ಕಟ್ಟುವ ಬರೀ ಬಡ್ಡಿ. ಜೇಬು ಸುಟ್ಟಿತು, ಆದರೆ ನಿದ್ದೆ ಅಷ್ಟಾಗಿ ಕೆಡಲಿಲ್ಲ. ದುಡ್ಡು ಮುಳುಗುತ್ತದೆ ಅನ್ನುವ ಭಯಕ್ಕೂ ತಡ ಆಗುತ್ತದೆ ಅನ್ನುವ ಸಿಟ್ಟಿಗೂ ತುಂಬಾ ವ್ಯತ್ಯಾಸ ಇದೆ ಅಲ್ವಾ? ಈಗ ಯಾರಾದರೂ ಕೇಳಿದರೆ, ಹೇಳಿದ ತಾರೀಕಿಗೆ ಎರಡು ವರ್ಷದ ಬಾಡಿಗೆ ಸೇರಿಸಿ ಲೆಕ್ಕ ಹಾಕಿ ಅನ್ನುತ್ತೇನೆ.

ರೀಟ್ (ರಿಯಲ್ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್) ಬೇರೆಯದೇ ಜಾತಿ. ದೊಡ್ಡ ದೊಡ್ಡ ಆಫೀಸ್ ಕಟ್ಟಡಗಳ ಬಾಡಿಗೆಯಲ್ಲಿ ಸಣ್ಣ ಪಾಲು. ದೇಶದ ಮೊದಲನೆಯದು 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. 2021ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಒಂದೊಂದೇ ಯೂನಿಟ್ (ಷೇರಿನಂಥ ಪಾಲು) ಕೊಳ್ಳಲು ಬಿಟ್ಟಮೇಲೆ ನಾನೂ ಒಂದು ಲಕ್ಷ ಹಾಕಿದೆ. ಹಂಚಲು ಉಳಿದ ಹಣದಲ್ಲಿ ಕನಿಷ್ಠ ಶೇ 90 ಯೂನಿಟ್‌ದಾರರಿಗೆ ಕೊಡಲೇಬೇಕು, ಅದು ಬರುತ್ತಲೂ ಇದೆ. ವಂಶವೃಕ್ಷ ಬೇಡ, ಬೇಲಿ ಬೇಡ. ಬೇಡ ಅನಿಸಿದರೆ ಕೂತಲ್ಲೇ ಮಾರಬಹುದು.

ಆದರೂ ಶುರುವಿನಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ! ದಿನಕ್ಕೆ ನಾಲ್ಕು ಸಲ ಫೋನ್ ತೆಗೆದು ಬೆಲೆ ನೋಡುತ್ತಿದ್ದೆ. ಎರಡು ರೂಪಾಯಿ ಇಳಿದರೆ ಊಟ ಸೇರುತ್ತಿರಲಿಲ್ಲ. ಸೈಟಿನ ಬೆಲೆಯನ್ನು ಯಾರೂ ದಿನಾ ಬಂದು ಹೇಳುವುದಿಲ್ಲ, ಅದಕ್ಕೇ ಅದು ಗಟ್ಟಿ ಅನಿಸುತ್ತದೆ. ಬೆಲೆಯ ಆ್ಯಪ್ ಅಳಿಸಿ ಹಾಕಿದೆ. ಆರು ತಿಂಗಳಲ್ಲಿ ಅಭ್ಯಾಸವಾಯಿತು.

ಲಾಭದಲ್ಲಿ ಸೈಟೇ ಮುಂದೆ, ರಾಜಿಗೆ ಕೊಟ್ಟದ್ದನ್ನು ಕಳೆದರೂ. ಆದರೂ ಇನ್ನೊಂದು ಸೈಟಿಗೆ ಕೈಹಾಕುವಷ್ಟು ಧೈರ್ಯ ನನಗಿಲ್ಲ.

ಮೊನ್ನೆ ತಮ್ಮ ಹೊಸಕೋಟೆ ಕಡೆ ಸೈಟು ನೋಡಿ ಬಂದ. ವಂಶವೃಕ್ಷ ಕೇಳಿದೆಯಾ ಅಂದೆ. "ಅದೆಲ್ಲಾ ಬ್ರೋಕರ್ ನೋಡ್ಕೋತಾನೆ ಬಿಡಣ್ಣ" ಅಂದ. ಅಡ್ವಾನ್ಸ್ ಚೆಕ್ ಇನ್ನೂ ಅವನ ಜೇಬಲ್ಲೇ ಇತ್ತು. ಇಸಕೊಂಡು ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ.